ಸೋತ ಮೀನಿಗೆ ಓಡಲು ಜಾಗ ಎಲ್ಲಿದೆ?

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಕಡಲನೀರಿನ ಅಕ್ವೇರಿಯಂ ಇದೆ. ಇಟ್ಟು ಒಂದು ವರ್ಷವಾಯಿತು. ಅಂಗಡಿಯವರ ಮಾತಿನಂತೆ ಮೊದಲು ಒಂದು ಡಾಮಿನೋ, ಎರಡು ನೀಲಿ ಡ್ಯಾಮ್ಸೆಲ್ ಬಿಟ್ಟೆವು. ಆಮೇಲೆ ಒಂದು ಜೋಡಿ ಕ್ಲೌನ್ ಮೀನು ಬಂದವು. ನೀಲಿ ಡ್ಯಾಮ್ಸೆಲ್‌ಗಳಲ್ಲಿ ಒಂದು ನಾಲ್ಕು ತಿಂಗಳ ಹಿಂದೆ ಸತ್ತಿತು. ಐದು ದಿನದ ಹಿಂದೆ ಕೋರಲ್ ಬ್ಯೂಟಿ ಎಂಬ ಪುಟ್ಟ ಏಂಜೆಲ್ ಮೀನನ್ನು ತಂದೆವು. ಬಿಟ್ಟ ಕ್ಷಣದಿಂದ ಡಾಮಿನೋ ಅದನ್ನು ಅಟ್ಟಾಡಿಸುತ್ತಿದೆ. ಈಗ ಅದು ಹೀಟರಿನ ಹಿಂದೆ, ಮೇಲಿನ ಮೂಲೆಯಲ್ಲಿ ನಿಂತುಬಿಟ್ಟಿದೆ. ಬಾಲದ ಅಂಚು ಹರಿದಿದೆ, ಮೊನ್ನೆಯಿಂದ ಏನೂ ತಿಂದಿಲ್ಲ. 'ನಾಲ್ಕು ದಿನ ಜಗಳವಾಡಿ ತಾವೇ ಹೊಂದಿಕೊಳ್ಳುತ್ತವೆ' ಎಂದು ಅಂಗಡಿಯವರು ಹೇಳುತ್ತಾರೆ. ದೊಡ್ಡ ಕ್ಲೌನ್ ಕೂಡ ಇತ್ತೀಚೆಗೆ ಗಾಜು ಒರೆಸುವಾಗ ನನ್ನ ಕೈ ಕಚ್ಚುತ್ತಿದೆ. ಈ ನಡುವೆ ಮಗನಿಗೆ ನೀಲಿ ಟ್ಯಾಂಗ್ ಮೀನು ಬೇಕಂತೆ. ಏನು ಮಾಡಲಿ?
— ಮೈಸೂರಿನ ಓದುಗರೊಬ್ಬರು

ಉತ್ತರ: ದಯವಿಟ್ಟು ಕಾಯಬೇಡಿ. ಮೇಲಿನ ಮೂಲೆಯಲ್ಲಿ, ಹೀಟರಿನ ಹಿಂದೆ ನಿಂತ ಏಂಜೆಲ್ ಮೀನು ಹೊಂದಿಕೊಳ್ಳುತ್ತಿರುವ ಮೀನಲ್ಲ. ಕೋರಲ್ ಬ್ಯೂಟಿ ಕಲ್ಲಿನ ಸಂದುಗೊಂದುಗಳಲ್ಲಿ ನುಸುಳಿ, ದಿನವಿಡೀ ಪಾಚಿ ಕಚ್ಚುತ್ತ ಬದುಕುವ ಜೀವಿ. ಬಯಲಿನಂತಿರುವ ನೀರಿನ ಮೇಲ್ಭಾಗಕ್ಕೆ ಅದು ತಾನಾಗಿ ಬಂದು ನಿಲ್ಲುವುದಿಲ್ಲ. ಕಲ್ಲುಗಳಲ್ಲಿ ಒಂದೇ ಒಂದು ಬಿಲವೂ ತನಗೆ ದಕ್ಕುವುದಿಲ್ಲ ಎಂದು ತಿಳಿದ ಮೇಲೆ, ಯಾರಿಗೂ ಬೇಡದ ಜಾಗವೆಂದು ಅಲ್ಲಿಗೆ ಬಂದಿದೆ. ಈ ಸ್ಥಿತಿಗೆ ತಲುಪಿದ ಮೀನು ಉಳಿಯುವುದೂ ಹೋಗುವುದೂ ಮುಂದಿನ ಒಂದೆರಡು ದಿನಗಳಲ್ಲಿ ತೀರ್ಮಾನವಾಗುತ್ತದೆ.

ಆದ್ದರಿಂದ ಕಾರಣಗಳನ್ನು ಆಮೇಲೆ ಹೇಳುತ್ತೇನೆ, ಇಂದು ರಾತ್ರಿಯ ಕೆಲಸ ಮೊದಲು. ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತನ್ನಿ. ಅಡುಗೆಮನೆಯಲ್ಲಿ ಬಳಸುವ, ನಾಲ್ಕೈದು ಲೀಟರ್ ಹಿಡಿಯುವ ಡಬ್ಬಿಯಾದರೆ ಸಾಕು. ಆದರೆ ಸೋಪು ತಾಗದ ಹೊಸದಾಗಿರಲಿ. ನಾಲ್ಕೂ ಬದಿಗೆ ಮತ್ತು ತಳಕ್ಕೆ ಪೆನ್ಸಿಲ್ ದಪ್ಪದ ತೂತುಗಳನ್ನು ಧಾರಾಳವಾಗಿ ಕೊರೆಯಿರಿ. ತೂತಿನ ಅಂಚುಗಳನ್ನು ಉಜ್ಜಿ ನುಣ್ಣಗೆ ಮಾಡಿ, ಒಳಗೆ ಪಿವಿಸಿ ಪೈಪಿನ ತುಂಡೊಂದನ್ನು ಹಾಕಿ. ದೀಪ ಆರಿಸಿ ಒಂದು ಗಂಟೆಯಾದ ಮೇಲೆ ಏಂಜೆಲನ್ನು ಇದರೊಳಗೆ ಸೇರಿಸಿ. ಬಲೆ ಬೇಡ. ಏಂಜೆಲ್ ಮೀನುಗಳಿಗೆ ಕಿವಿರಿನ ಮುಚ್ಚಳದ ಕೆಳತುದಿಯಲ್ಲಿ ಹಿಂದಕ್ಕೆ ಚಾಚಿದ ಮುಳ್ಳೊಂದು ಇರುತ್ತದೆ. ಅದು ಬಲೆಯ ದಾರಕ್ಕೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಮೀನಿಗೂ ನಿಮಗೂ ಗಾಯ. ಪಾರದರ್ಶಕ ಲೋಟವನ್ನೋ ಜಗ್ಗನ್ನೋ ಅದರ ಮುಂದೆ ಹಿಡಿದು, ಹಿಂದಿನಿಂದ ಬೆರಳಾಡಿಸಿದರೆ ತಾನಾಗಿ ಒಳಗೆ ಬರುತ್ತದೆ. ಡಬ್ಬಿಯನ್ನು ತೊಟ್ಟಿಯೊಳಗೇ, ನೀರು ಹರಿದಾಡುವ ಕಡೆ ತೂಗುಹಾಕಿ, ಮುಚ್ಚಳ ಹಾಕಿ. ನೀರು ಅದೇ, ಉಪ್ಪು ಅದೇ, ಬಿಸಿ ಅದೇ. ನಡುವೆ ಒಂದು ಗೋಡೆ ಬಂದಿತು, ಅಷ್ಟೇ. ದಣಿದ ಮೀನನ್ನು ಅವಸರದಲ್ಲಿ ಜೋಡಿಸಿದ ಬೇರೆ ತೊಟ್ಟಿಗೆ ಎತ್ತಿಹಾಕುವುದಕ್ಕಿಂತ ಇದು ಎಷ್ಟೋ ಮೇಲು.

ನಾಳೆ ಬೆಳಿಗ್ಗೆ ಡಾಮಿನೋ ಡಬ್ಬಿಯ ಗೋಡೆಗೆ ಮೂತಿ ಗುದ್ದುವುದನ್ನು ನೀವು ನೋಡುತ್ತೀರಿ. ನೋಡಲು ಕಷ್ಟವಾದರೂ ಗಾಬರಿಯಾಗಬೇಡಿ. ಪೈಪಿನ ತುಂಡು ಇರುವುದೇ ಇದಕ್ಕಾಗಿ. ಏಂಜೆಲ್ ಅದರೊಳಗೆ ಹೋಗಿ ಡಾಮಿನೋನ ಕಣ್ಣಿನಿಂದ ಮರೆಯಾಗಬಹುದು.

ಹರಿದ ಬಾಲದ ಬಗ್ಗೆ ನನಗೆ ಚಿಂತೆಯಿಲ್ಲ. ನೀರು ಶುದ್ಧವಾಗಿದ್ದರೆ ರೆಕ್ಕೆಯ ಅಂಚು ಕೆಲವು ವಾರಗಳಲ್ಲಿ ಬೆಳೆದುಬಿಡುತ್ತದೆ. ಅಟ್ಟಾಡಿಸಿಕೊಂಡ ಮೀನು ಸಾಯುವುದು ಕಚ್ಚಿದ ಗಾಯದಿಂದ ಎಂದು ನಾವು ಭಾವಿಸುತ್ತೇವೆ. ಬಹಳ ಸಲ ಅದು ಸಾಯುವುದು ಬಾಯಾರಿಕೆಯಂಥ ಒಂದು ಸ್ಥಿತಿಯಿಂದ. ಕಡಲ ಮೀನಿನ ರಕ್ತದಲ್ಲಿರುವ ಉಪ್ಪು ಸುತ್ತಲಿನ ನೀರಿನಲ್ಲಿರುವುದರ ಸುಮಾರು ಮೂರನೇ ಒಂದು ಪಾಲು ಮಾತ್ರ. ಹಾಗಾಗಿ ಅದರ ಮೈಯಿಂದ ನೀರು ಸದಾ ಹೊರಕ್ಕೆ ಸೋರುತ್ತಲೇ ಇರುತ್ತದೆ. ಸೋರಿದ್ದನ್ನು ತುಂಬಿಕೊಳ್ಳಲು ಮೀನು ಕಡಲನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ಹಗಲಿರುಳೂ ನಡೆಯುವ ಈ ಕೆಲಸಕ್ಕೆ ಶಕ್ತಿ ಬೇಕು, ಮೈಮೇಲಿನ ಲೋಳೆಯ ಹೊದಿಕೆ ಸರಿಯಾಗಿರಬೇಕು. ಅಟ್ಟಾಡಿಸಿಕೊಂಡ ಮೀನಿಗೆ ಲೋಳೆ ಕಿತ್ತಿರುತ್ತದೆ, ಹುರುಪೆ ಉದುರಿರುತ್ತದೆ, ಹೊಟ್ಟೆ ಖಾಲಿಯಿರುತ್ತದೆ. ಮೇಲಾಗಿ ಸದಾ ಏರಿದ ಉಸಿರು. ಇದೇ ಸಮಯಕ್ಕೆ ಕಾದಿದ್ದಂತೆ ಬರುವುದು ಬಿಳಿಚುಕ್ಕೆ ರೋಗ. ಕ್ರಿಪ್ಟೋಕ್ಯಾರಿಯಾನ್ ಎಂಬ ಪರಜೀವಿ ಗಟ್ಟಿಮುಟ್ಟಾದ ಮೀನುಗಳ ಕಿವಿರಿನಲ್ಲಿ ಒಂದೋ ಎರಡೋ ಅಡಗಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ, ನಲುಗಿದ ಮೀನಿನ ಮೇಲೆ ಮಾತ್ರ ಅದು ವಿಜೃಂಭಿಸುತ್ತದೆ. ಡಬ್ಬಿಯಲ್ಲಿರುವ ಏಂಜೆಲನ್ನು ಹಗಲು ಬೆಳಕಿನಲ್ಲಿ ಹತ್ತಿರದಿಂದ ನೋಡಿ. ರೆಕ್ಕೆಗಳ ಮೇಲೆ ಉಪ್ಪಿನ ಹರಳು ಚೆಲ್ಲಿದಂತೆ ಚುಕ್ಕೆಗಳು ಕಂಡರೆ ಆಗ ಬೇರೆ ತೊಟ್ಟಿ ಮತ್ತು ಚಿಕಿತ್ಸೆ ಬೇಕಾಗುತ್ತದೆ, ಕೂಡಲೇ ಬರೆಯಿರಿ.

ಇನ್ನು ಡಾಮಿನೋನ ವಿಷಯ. ನಿಮ್ಮ ಪತ್ರದಲ್ಲಿ ಅದರ ಮೇಲೆ ಸಿಟ್ಟು ಕಾಣುತ್ತದೆ. ಸಿಟ್ಟು ಬರುವುದು ಸಹಜ. ಆದರೆ ಅದು ಮಾಡುತ್ತಿರುವುದು ಕಡಲಲ್ಲಿ ತನ್ನ ಹಿರಿಯರು ಮಾಡಿದ್ದನ್ನೇ.

ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ಸುತ್ತ ನೀರಿಗಿಳಿದವರಿಗೆ ಇದರ ಅನುಭವ ಆಗಿರಬಹುದು. ನಾನು ಒಮ್ಮೆ ಅಲ್ಲಿ ಬಂಡೆಯೊಂದರ ಬದಿಗೆ ತೇಲುತ್ತಿದ್ದಾಗ ಅಂಗೈಯಷ್ಟು ಉದ್ದದ ಪಟ್ಟೆಪಟ್ಟೆಯ ಸಾರ್ಜೆಂಟ್ ಮೇಜರ್ ಮೀನೊಂದು ನೇರವಾಗಿ ನನ್ನ ಮುಖಗವಸಿಗೆ ನುಗ್ಗಿತು. ಡಾಮಿನೋನಂತೆ ಇದೂ ಡ್ಯಾಮ್ಸೆಲ್ ಬಳಗದ್ದೇ. ಬಂಡೆಯ ಮೇಲೆ ನೇರಳೆ ಬಣ್ಣದ ಮೊಟ್ಟೆಗಳ ಹಾಸು ಇತ್ತು, ಅದನ್ನು ಕಾಯುತ್ತಿದ್ದ ಗಂಡು ಅದು. ನಾನು ಎರಡು ಮಾರು ಹಿಂದೆ ಸರಿದೆ. ಅಲ್ಲಿಯವರೆಗೆ ಬಂದ ಮೀನು ಗೆರೆ ಎಳೆದಂತೆ ನಿಂತು, ತಿರುಗಿ ಮೊಟ್ಟೆಗಳ ಬಳಿಗೆ ಹೋಯಿತು. ಮತ್ತೆ ಮುಂದೆ ಬಂದೆ, ಮತ್ತೆ ನುಗ್ಗಿತು. ಹಿಂದೆ ಸರಿದೆ, ಮತ್ತೆ ಬಿಟ್ಟಿತು. ಇಡೀ ಜಗಳ ನಾಲ್ಕೈದು ಸೆಕೆಂಡಿನದು. ಹವಳದ ದಿಬ್ಬಗಳಲ್ಲಿ ಇಂಥ ಜಗಳ ದಿನಕ್ಕೆ ಲೆಕ್ಕವಿಲ್ಲದಷ್ಟು ನಡೆಯುತ್ತವೆ, ಯಾರೂ ಸಾಯುವುದಿಲ್ಲ. ಸೋತವನು ಗಡಿ ದಾಟಿ ಹೋಗುತ್ತಾನೆ, ಗೆದ್ದವನ ಕಣ್ಣಿಗೆ ಮರೆಯಾಗುತ್ತಾನೆ, ಅಲ್ಲಿಗೆ ಮುಗಿಯಿತು. ಮೀನಿನ ಸಿಟ್ಟನ್ನು ಆರಿಸುವುದು ಸೋತವನ ಮರೆಯಾಗುವಿಕೆಯೇ.

ಈಗ ನಿಮ್ಮ ತೊಟ್ಟಿಯನ್ನು ನೋಡಿ. ಒಂಬತ್ತು ಘನ ಅಡಿ, ಅಂದರೆ ಸುಮಾರು 255 ಲೀಟರ್. ಮನೆಯ ಮಟ್ಟಿಗೆ ಇದು ಸಣ್ಣದಲ್ಲ. ಆದರೆ ಒಂದು ಬೆಳೆದ ಡ್ಯಾಮ್ಸೆಲ್ ತನ್ನ ಬಿಲದಿಂದ ಎರಡು ಮಾರು ದೂರದವರೆಗೆ ತನ್ನ ಸೀಮೆ ಎಂದುಕೊಂಡರೆ ನಾಲ್ಕು ಅಡಿಯ ಗಾಜಿನ ಪೆಟ್ಟಿಗೆ ಪೂರ್ತಿ ಅದರದೇ. ಏಂಜೆಲ್ ಸೋತಿದೆ, ಸೋಲನ್ನು ಒಪ್ಪಿದೆ, ಓಡಿದೆ. ಓಡಿಯೂ ಡಾಮಿನೋನ ಕಣ್ಣೆದುರಿಗೇ ಇದೆ. 'ಇಷ್ಟು ಹೊಡೆದರೂ ಇದು ಗಡಿ ಬಿಡುತ್ತಿಲ್ಲ' ಎಂದೇ ಡಾಮಿನೋ ಅದನ್ನು ಕಾಣುತ್ತಿರಬೇಕು. ತೊಟ್ಟಿಯ ಜಗಳಗಳಲ್ಲಿ ಕೊಲ್ಲುವುದು ಹೊಡೆಯುವವನ ಕ್ರೌರ್ಯಕ್ಕಿಂತ ಸೋತವನಿಗೆ ಹೋಗಲು ಜಾಗವಿಲ್ಲದಿರುವುದು. ಇಷ್ಟು ವರ್ಷಗಳಲ್ಲಿ ನಾನು ಕಲಿತ ಉಪಾಯಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲೇ: ಸೋತ ಮೀನಿಗೆ ಮರೆಯಾಗಲು ಒಂದು ದಾರಿ ಕೊಡುವುದು. ಕಲ್ಲು ಜೋಡಿಸಿ ಕೊಡಬಹುದು, ಗೋಡೆ ಹಾಕಿ ಕೊಡಬಹುದು, ಯಾವುದೂ ಆಗದಿದ್ದರೆ ಒಂದನ್ನು ತೊಟ್ಟಿಯಿಂದಲೇ ತೆಗೆದು ಕೊಡಬೇಕು.

ನಿಮ್ಮ ಸಂದರ್ಭದಲ್ಲಿ ಮೂರನೆಯದೇ ಬೇಕು. ಡಾಮಿನೋ ಹೋಗಬೇಕು. ಇದನ್ನು ಹೇಳಲು ನನಗೆ ಬೇಸರವೇ, ಏಕೆಂದರೆ ನೀವು ಮೊದಲು ತಂದ ಮೀನು ಅದು, ಮನೆಯವರಿಗೆಲ್ಲ ಅದರ ಮೇಲೆ ಪ್ರೀತಿ ಇದ್ದೇ ಇರುತ್ತದೆ. ತಂದಾಗ ಒಂದು ರೂಪಾಯಿ ನಾಣ್ಯದಷ್ಟಿದ್ದು, ಮಸಿಯಂಥ ಕಪ್ಪು ಮೈಯ ಮೇಲೆ ಹಣೆಗೊಂದು, ಪಕ್ಕಕ್ಕೊಂದೊಂದು ಹಾಲಿನಂಥ ಬಿಳಿ ಚುಕ್ಕೆ ಇಟ್ಟುಕೊಂಡು ಎಷ್ಟು ಮುದ್ದಾಗಿತ್ತು ಎಂಬುದು ನಿಮಗೆ ನೆನಪಿರಬಹುದು. ಈಗ ಅದರ ಹಣೆಯನ್ನು ನೋಡಿ. ಆ ಚುಕ್ಕೆ ಮಸುಕಾಗಿರುತ್ತದೆ, ಇಲ್ಲವೇ ಮಾಯವಾಗಿರುತ್ತದೆ. ಡಾಮಿನೋ ಬೆಳೆದು ದೊಡ್ಡದಾಗುತ್ತಿದೆ ಎಂಬುದರ ಗುರುತು ಅದು. ಪೂರ್ತಿ ಬೆಳೆದರೆ 14 ಸೆಂಟಿಮೀಟರ್ ಆಗಬಲ್ಲ ಮೀನು ಇದು, ವಯಸ್ಸಾದಂತೆ ಸೌಮ್ಯವಾಗುವ ಜಾತಿಯಲ್ಲ. ನಾಲ್ಕು ತಿಂಗಳ ಹಿಂದೆ ಸತ್ತ ನೀಲಿ ಡ್ಯಾಮ್ಸೆಲ್‌ಗೂ ಇದೇ ಗತಿಯಾಯಿತು ಎಂದು ನನ್ನ ಬಲವಾದ ಅನುಮಾನ.

ಬೆಂಗಳೂರಿನಲ್ಲಿ ನಾನು ಇಟ್ಟ ಮೊದಲ ಕಡಲ ತೊಟ್ಟಿಯಲ್ಲೂ ಹೀಗೇ ಆಯಿತು. ಹೊಸ ತೊಟ್ಟಿಯ ನೀರು ಪಳಗಲಿ, ಅಂದರೆ ಕೊಳೆಯಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾಗಳು ಬೆಳೆಯಲಿ ಎಂದು ಅಂಗಡಿಯವರು ಮೂರು ಡ್ಯಾಮ್ಸೆಲ್ ಕೊಟ್ಟಿದ್ದರು. ಅಗ್ಗ, ಗಟ್ಟಿ ಜೀವ, ಅಮೋನಿಯಾ ಏರಿದರೂ ತಡೆದುಕೊಳ್ಳುತ್ತವೆ ಎಂಬುದು ಆಗಿನ ರೂಢಿ. ಆರು ತಿಂಗಳ ಮೇಲೆ ಆಸೆಪಟ್ಟು ತಂದ ಫೈರ್‌ಫಿಶ್ ಒಂದನ್ನು ಸಂಜೆ ಬಿಟ್ಟೆ. ಬೆಳಿಗ್ಗೆ ಅದು ತೊಟ್ಟಿಯ ಹಿಂದೆ ನೆಲದ ಮೇಲೆ ಒಣಗಿ ಬಿದ್ದಿತ್ತು. ಮುಚ್ಚಳದ ಮೂಲೆಯಲ್ಲಿ ಎರಡು ಬೆರಳಿನ ಸಂದು ಇತ್ತು. ಓಡಲು ಅದಕ್ಕೆ ಸಿಕ್ಕ ದಾರಿ ಅದೊಂದೇ. ಆ ಬೆಳಗ್ಗೆಯ ನಂತರ ನಾನು ಮುಚ್ಚಳವಿಲ್ಲದ ತೊಟ್ಟಿ ಇಟ್ಟಿಲ್ಲ, ನೀರು ಪಳಗಿಸಲು ಮೀನನ್ನು ಬಳಸಿಲ್ಲ. ಒಂದು ಸಿಗಡಿಯ ತುಂಡು ಕೊಳೆಯಲು ಬಿಟ್ಟು ನಾಲ್ಕರಿಂದ ಆರು ವಾರ ತಾಳ್ಮೆಯಿಂದಿದ್ದರೆ ಆ ಕೆಲಸ ಬ್ಯಾಕ್ಟೀರಿಯಾಗಳಿಂದಲೇ ಆಗುತ್ತದೆ. ಮೀನು ಬಿಟ್ಟು ಪಳಗಿಸುವ ಪದ್ಧತಿಯ ನಿಜವಾದ ದೋಷ ಅಮೋನಿಯಾ ಒಂದೇ ಅಲ್ಲ. ಖಾಲಿ ಮನೆಗೆ ಮೊದಲು ಬಂದವನು ಯಜಮಾನ ಆಗುತ್ತಾನೆ. ಅತ್ಯಂತ ಜಗಳಗಂಟ ಮೀನಿಗೆ ಮೊದಲ ಕೀಲಿಕೈ ಕೊಟ್ಟು, ಸಾಧು ಮೀನುಗಳನ್ನು ಆಮೇಲೆ ಬಾಡಿಗೆಗೆ ಕರೆತಂದಂತೆ ಆಗುತ್ತದೆ. ಕ್ರಮ ತಿರುಗಬೇಕು: ಸಾಧುಗಳು ಮೊದಲು, ಜೋರಿನವು ಕೊನೆಗೆ.

ಡಾಮಿನೋ ಹಿಡಿಯುವುದು ಸುಲಭವಲ್ಲ. ಬಲೆ ಹಿಡಿದು ಬೆನ್ನಟ್ಟಿದರೆ ತೊಟ್ಟಿಯ ಉಳಿದ ಮೀನುಗಳೆಲ್ಲ ನಲುಗುತ್ತವೆ, ಅದೊಂದು ಮಾತ್ರ ಸಿಗುವುದಿಲ್ಲ. ಎರಡು ಲೀಟರಿನ ನೀರಿನ ಬಾಟಲಿಯ ಕತ್ತನ್ನು ಕತ್ತರಿಸಿ, ತಿರುಗಿಸಿ, ಆಲಿಕೆಯಂತೆ ಒಳಮುಖವಾಗಿ ಅದೇ ಬಾಟಲಿಗೆ ಸಿಕ್ಕಿಸಿ. ಬಾಯಿ ಡಾಮಿನೋ ನುಸುಳುವಷ್ಟು ಅಗಲವಿರಲಿ. ಸಣ್ಣ ತೂತುಗಳನ್ನು ಮಾಡಿ, ಒಳಗೆ ಒಂದು ಚೂರು ಸಿಗಡಿ ಇಟ್ಟು, ಅದರ ಬಿಲದ ಹತ್ತಿರ ಮಲಗಿಸಿ. ಅಂದು ಬೇರೆ ಊಟ ಹಾಕಬೇಡಿ. ಯಜಮಾನಿಕೆ ನಡೆಸುವ ಮೀನಿಗೆ ಒಂದು ದೌರ್ಬಲ್ಯವಿದೆ: ತನ್ನ ಸೀಮೆಯೊಳಗೆ ಬಂದ ಹೊಸ ವಸ್ತುವನ್ನು ಮೊದಲು ಪರೀಕ್ಷಿಸುವುದು ಅದೇ. ಬಾಟಲಿಯ ಪಕ್ಕದಲ್ಲೇ ಕುಳಿತಿರಿ. ಸಿಕ್ಕ ಮೀನನ್ನು ಅದರಲ್ಲೇ ಬಹಳ ಹೊತ್ತು ಬಿಡಬಾರದು. ಇದಕ್ಕೂ ಸಿಗದಿದ್ದರೆ ರಾತ್ರಿ ನೋಡಿ. ಡ್ಯಾಮ್ಸೆಲ್‌ಗಳು ಸಾಮಾನ್ಯವಾಗಿ ದಿನವೂ ಅದೇ ಬಿಲದಲ್ಲಿ ಮಲಗುತ್ತವೆ. ಎರಡು ರಾತ್ರಿ ಮಂದ ಬೆಳಕಿನಲ್ಲಿ ಗಮನಿಸಿ ಬಿಲ ಯಾವುದೆಂದು ತಿಳಿದರೆ, ಮೂರನೆಯ ರಾತ್ರಿ ಆ ಕಲ್ಲನ್ನೇ ಮೀನಿನ ಸಮೇತ ಬಕೆಟ್ಟಿಗೆ ಎತ್ತಬಹುದು.

ಹಿಡಿದ ಮೇಲೆ ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಆರಡಿ ತೊಟ್ಟಿಯಲ್ಲಿ ದೊಡ್ಡ ಜೋರಿನ ಮೀನುಗಳನ್ನು ಇಟ್ಟಿರುವವರಿಗೆ ಕೊಡಿ. ಅಲ್ಲಿ ಅದು ಹತ್ತರಲ್ಲಿ ಹನ್ನೊಂದನೆಯದಾಗಿ ಚೆನ್ನಾಗಿಯೇ ಬಾಳುತ್ತದೆ. ಮಂಗಳೂರಿನ ಕಡೆ ಹೋದಾಗ ಕಡಲಿಗೆ ಬಿಟ್ಟುಬಿಡೋಣ ಎಂಬ ಯೋಚನೆ ಮಾತ್ರ ಬೇಡ. ತೊಟ್ಟಿಯ ರೋಗಗಳೂ ಅದರ ಜೊತೆಗೆ ಹೋಗುತ್ತವೆ. ನಮ್ಮ ಕಡೆಯ ಸಾಗರಗಳ ಲಯನ್‌ಫಿಶ್ ಇಂದು ಫ್ಲಾರಿಡಾದಿಂದ ಕೆರಿಬಿಯನ್‌ವರೆಗೆ ಹಬ್ಬಿ ಅಲ್ಲಿನ ಮರಿಮೀನುಗಳನ್ನು ನುಂಗುತ್ತಿದೆ. ತಮ್ಮ ಅಕ್ವೇರಿಯಂ ಮೀನುಗಳನ್ನು ಕಡಲಿಗೆ ಬಿಟ್ಟವರಿಂದ ಅದು ಶುರುವಾಯಿತು ಎಂಬುದು ತಜ್ಞರ ಅಭಿಪ್ರಾಯ.

ಡಾಮಿನೋ ಹೊರಬಿದ್ದ ದಿನವೇ ಕಲ್ಲುಗಳನ್ನು ಬೇರೆ ರೀತಿಯಲ್ಲಿ ಜೋಡಿಸಿ. ಇದನ್ನು ಮರೆಯಬೇಡಿ, ಏಕೆಂದರೆ ಪೀಡಕ ಹೋದ ಮನೆಯಲ್ಲಿ ಎರಡನೆಯವನು ಗದ್ದುಗೆ ಏರುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಇಷ್ಟು ದಿನ ಡಾಮಿನೋಗೆ ಹೆದರಿ ಸುಮ್ಮನಿದ್ದ ನಿಮ್ಮ ನೀಲಿ ಡ್ಯಾಮ್ಸೆಲ್ ವಾರದೊಳಗೆ ಅದೇ ಬಿಲ, ಅದೇ ಸೀಮೆ ಹಿಡಿದು ಕೂರಬಹುದು. ಕಲ್ಲುಗಳ ನಕ್ಷೆಯೇ ಬದಲಾದರೆ ಹಳಬರು ಹೊಸಬರು ಎನ್ನದೆ ಎಲ್ಲರೂ ಒಂದೇ ದಿನ ಹೊಸ ಊರಿಗೆ ಬಂದವರಾಗುತ್ತಾರೆ. ನಮ್ಮ ದೇಶದಲ್ಲಿ ಈ ಕೆಲಸ ಸಲೀಸು. ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಸೇರಿದ ಮೇಲೆ ಅವನ್ನು ಮನೆಯಲ್ಲಿ ಇಡುವಂತಿಲ್ಲ. ನಿಮ್ಮದೂ ಕೃತಕ ಕಲ್ಲುಗಳ ತೊಟ್ಟಿಯೇ ಇರಬೇಕು, ಕದಲಿಸಿದರೆ ಸಾಯುವ ಹವಳ ಅದಕ್ಕೆ ಅಂಟಿಕೊಂಡಿರುವುದಿಲ್ಲ. ಧೈರ್ಯವಾಗಿ ಎತ್ತಿಡಿ.

ಹೇಗೆ ಜೋಡಿಸಬೇಕು? ಹಿಂದಿನ ಗಾಜಿಗೆ ಒರಗಿಸಿ ಉದ್ದಕ್ಕೂ ಒಂದೇ ಗೋಡೆ ಕಟ್ಟುವುದು ಎಲ್ಲರ ಅಭ್ಯಾಸ. ನೋಡಲು ಚೆನ್ನ. ಮೀನಿನ ದೃಷ್ಟಿಯಿಂದ ಅದು ಒಂದೇ ಆಸ್ತಿ, ಒಬ್ಬನೇ ಒಡೆಯ. ಅದರ ಬದಲು ಎಡಕ್ಕೊಂದು ಬಲಕ್ಕೊಂದು ಗುಡ್ಡೆ ಮಾಡಿ, ನಡುವೆ ಒಂದು ಅಡಿ ಬರೀ ಮರಳು ಬಿಡಿ. ಗುಡ್ಡೆ ಎತ್ತರವಿರಲಿ. ಒಂದು ಗುಡ್ಡೆಯ ಹಿಂದಿರುವ ಮೀನು ಇನ್ನೊಂದು ಗುಡ್ಡೆಯ ಮೀನಿಗೆ ಕಾಣಬಾರದು. ತೊಟ್ಟಿಯ ಒಂದು ಕೊನೆಯಲ್ಲಿ ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಉದ್ದಕ್ಕೆ ನೋಡಿ. ಆ ಕೊನೆಯ ಗಾಜು ಕಂಡರೆ ಇನ್ನೂ ಮರೆ ಸಾಲದು. ಪ್ರತಿ ಬಿಲಕ್ಕೂ ಎರಡು ಬಾಯಿ ಇರಲಿ. ಒಂದೇ ಬಾಯಿಯ ಬಿಲಕ್ಕೆ ಓಡಿಹೋದ ಮೀನು ಸಿಕ್ಕಿಬಿದ್ದಂತೆಯೇ. ಕಲ್ಲುಗಳನ್ನು ಮರಳಿನ ಮೇಲಲ್ಲ, ತಳದ ಗಾಜಿನ ಮೇಲೆ ಭದ್ರವಾಗಿ ಕೂರಿಸಿ ಆಮೇಲೆ ಮರಳು ಎಳೆಯಿರಿ. ಕೆಳಗೆ ತೋಡುವ ಮೀನುಗಳು ಗುಡ್ಡೆ ಉರುಳಿಸಿದ್ದುಂಟು.

ಏಂಜೆಲ್ ಡಬ್ಬಿಯಲ್ಲಿ ಇನ್ನೂ ನಾಲ್ಕೈದು ದಿನ ಇರಲಿ. ಅಲ್ಲೇ ಊಟ ಕೊಡಿ. ನೋರಿ ಎಂಬ ಒಣ ಕಡಲಪಾಚಿಯ ಚೂರೊಂದನ್ನು ಸಣ್ಣ ಕಲ್ಲಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ ಒಳಗಿಡಿ. ಮೊದಲು ಮೂತಿಯಿಂದ ಮುಟ್ಟಿ ನೋಡುತ್ತದೆ, ಆಮೇಲೆ ಒಂದು ಕಚ್ಚು, ಮತ್ತೆ ದೂರ ಹೋಗಿ ನಿಲ್ಲುತ್ತದೆ. ಆ ಮೊದಲ ಕಚ್ಚನ್ನು ನೋಡಿದ ದಿನ ಅರ್ಧ ಗೆದ್ದಂತೆ. ಇತ್ತ ಹಳೆಯ ಮೀನುಗಳಿಗೂ ದಿನಕ್ಕೆ ಒಂದು ದೊಡ್ಡ ಊಟದ ಬದಲು ಮೂರು ನಾಲ್ಕು ಸಣ್ಣ ಊಟ ಕೊಡಿ, ಅದೂ ಎರಡು ಕೊನೆಗಳಲ್ಲಿ ಏಕಕಾಲಕ್ಕೆ. ಹಸಿದ ಮೀನಿಗೆ ಹೊಸಬ ಎಂದರೆ ಅನ್ನಕ್ಕೆ ಬಂದ ಪಾಲುದಾರ. ಕೊಟ್ಟದ್ದು ಎರಡು ನಿಮಿಷದಲ್ಲಿ ಖಾಲಿಯಾಗಬೇಕು. ಉಳಿದರೆ ನೀರು ಕೆಡುತ್ತದೆ, ಕೆಟ್ಟ ನೀರಿನಲ್ಲಿ ಎಲ್ಲರ ಸಹನೆಯೂ ಕೆಡುತ್ತದೆ.

ನೀಲಿ ಡ್ಯಾಮ್ಸೆಲ್ ಡಬ್ಬಿಯ ಹತ್ತಿರ ಬಂದು, ನೋಡಿ, ತನ್ನ ಪಾಡಿಗೆ ಹೋದರೆ ಏಂಜೆಲನ್ನು ಬಿಡುವ ಕಾಲ ಬಂದಿತು. ಡಬ್ಬಿಗೆ ಇನ್ನೂ ಗುದ್ದುತ್ತಿದ್ದರೆ ಬಂದಿಲ್ಲ. ವಾರ ಕಳೆದರೂ ಗುದ್ದು ನಿಲ್ಲದಿದ್ದರೆ ಪಾತ್ರ ಬದಲಿಸಿ. ಡ್ಯಾಮ್ಸೆಲನ್ನು ಡಬ್ಬಿಗೆ ಹಾಕಿ, ಏಂಜೆಲನ್ನು ತೊಟ್ಟಿಗೆ ಬಿಡಿ. ಒಂದೆರಡು ವಾರ ಕಲ್ಲುಗಳ ನಡುವೆ ನಿರ್ಭಯವಾಗಿ ಓಡಾಡಿ, ಮಲಗುವ ಬಿಲ ಗೊತ್ತುಮಾಡಿಕೊಂಡ ಏಂಜೆಲ್ ಬೇರೆಯೇ ಮೀನಾಗಿರುತ್ತದೆ. ಇದೂ ದಿಟ್ಟ ಜಾತಿಯೇ, ಬೇರೂರಿದ ಮೇಲೆ ಡ್ಯಾಮ್ಸೆಲ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಗಾಜಿನ ಹೊರಗೆ ಕನ್ನಡಿ ಇಟ್ಟು ಪೀಡಕನ ಗಮನ ಬೇರೆಡೆ ಸೆಳೆಯುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಟ್ಯಾಂಗ್‌ಗಳ ವಿಷಯದಲ್ಲಿ ಮೊದಲ ದಿನದ ಕೆಲವು ಗಂಟೆಗಳಿಗೆ ಅದು ಉಪಯೋಗಕ್ಕೆ ಬಂದಿದೆ. ಡ್ಯಾಮ್ಸೆಲ್‌ಗಳಿಗೆ ನಾನು ಅದನ್ನು ನೆಚ್ಚುವುದಿಲ್ಲ. ಇನ್ನು, ಮೀನುಗಳನ್ನು ಕಿಕ್ಕಿರಿದು ತುಂಬಿದರೆ ಏಟುಗಳು ಹಂಚಿಹೋಗುತ್ತವೆ ಎಂಬ ಸಲಹೆ ಆಫ್ರಿಕಾದ ಸಿಕ್ಲಿಡ್ ಎಂಬ ಸಿಹಿನೀರಿನ ಮೀನು ಸಾಕುವವರಿಂದ ಬಂದದ್ದು. 255 ಲೀಟರಿನ ಕಡಲನೀರಿಗೆ ಅದನ್ನು ತರಬೇಡಿ.

ಅಂಗಡಿಯವರ 'ನಾಲ್ಕು ದಿನದ ಜಗಳ' ಎಂಬ ಮಾತೂ ಪೂರ್ತಿ ಸುಳ್ಳಲ್ಲ. ಹೊಸ ಮೀನು ಬಂದಾಗ ಹಳಬ ಅಡ್ಡಡ್ಡ ನಿಂತು ರೆಕ್ಕೆ ಅರಳಿಸುವುದು, ಒಂದೆರಡು ಸಲ ಅಟ್ಟುವುದು, ಹೊಸಬ ಕಲ್ಲಿನ ಹಿಂದೆ ಹೋದೊಡನೆ ಬಿಟ್ಟುಬಿಡುವುದು, ಇದು ಸಹಜ. ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಊಟದ ಹೊತ್ತಿಗೆ ಹೊಸಬ ಹೊರಗೆ ಬಂದು ಒಂದು ತುತ್ತಾದರೂ ಹಿಡಿಯುತ್ತಿದ್ದರೆ ನಾನು ಕೈ ಹಾಕುವುದಿಲ್ಲ. ಊಟ ಬಿಟ್ಟರೆ, ಮೇಲಿನ ಮೂಲೆ ಸೇರಿದರೆ, ಹಳಬ ತನ್ನ ಊಟವನ್ನೂ ಬಿಟ್ಟು ಹುಡುಕಿಕೊಂಡು ಹೋಗಿ ಹೊಡೆಯುತ್ತಿದ್ದರೆ ಅಂದೇ ಬೇರ್ಪಡಿಸುತ್ತೇನೆ. ನಿಮ್ಮಲ್ಲಿ ಮೊದಲೆರಡೂ ಆಗಿವೆ.

ಯಾವ ಮೀನು ಯಾವುದರ ಮೇಲೆ ಏರಿಹೋಗುತ್ತದೆ ಎಂಬುದನ್ನು ಮೊದಲೇ ಊಹಿಸಬಹುದೇ ಎಂದು ನೀವು ಕೇಳಿಲ್ಲ, ಆದರೂ ಮುಂದೆ ಮೀನು ಕೊಳ್ಳುವಾಗ ಬೇಕಾಗುತ್ತದೆ. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದ ಆಸ್ಟ್ರಿಯಾದ ಕಾನ್ರಾಡ್ ಲೊರೆಂಜ್, ಹವಳದ ದಿಬ್ಬದ ಬಣ್ಣಬಣ್ಣದ ಮೀನುಗಳು ಬೇರೆಯವರಿಗಿಂತ ತಮ್ಮ ಜಾತಿಯವರ ಮೇಲೆಯೇ ಹೆಚ್ಚು ಬೀಳುತ್ತವೆ ಎಂದು ಗುರುತಿಸಿದ್ದರು. ಅದೇ ಊಟ, ಅದೇ ಬಿಲ, ಅದೇ ಹೆಣ್ಣು ಬೇಕಾದವನು ತನ್ನಂಥವನೇ ತಾನೆ. ತೊಟ್ಟಿಯಲ್ಲಿ ಈ ನಿಯಮವನ್ನು ಇನ್ನೂ ಸ್ವಲ್ಪ ಹಿಗ್ಗಿಸಿ ಓದಬೇಕು. ಆಕಾರ ಒಂದೇ ಥರ ಇದ್ದರೆ, ಬಣ್ಣ ಹತ್ತಿರವಾಗಿದ್ದರೆ, ಒಂದೇ ಪಾಚಿ ಕಚ್ಚುವವರಾದರೆ ಜಾತಿ ಬೇರೆಯಾದರೂ ಜಗಳ ಖಚಿತ. ಡಾಮಿನೋನಂಥ ಪಾಳೇಗಾರರಿಗೆ ಈ ಭೇದವೂ ಇಲ್ಲ, ಮೀನಿನ ಆಕಾರ ಇದ್ದರೆ ಸಾಕು.

ಈಗ ಕೈ ಕಚ್ಚುವ ಕ್ಲೌನ್. ಇದು ಚಿಂತೆಯ ವಿಷಯವಲ್ಲ, ನಿಜ ಹೇಳಬೇಕೆಂದರೆ ಸಂತೋಷದ್ದು. ಕ್ಲೌನ್ ಮೀನುಗಳೆಲ್ಲ ಮೊದಲು ಗಂಡು. ಗುಂಪಿನಲ್ಲಿ ಅತಿ ದೊಡ್ಡದಾಗಿ ಬೆಳೆದದ್ದು ಮಾತ್ರ ಹೆಣ್ಣಾಗುತ್ತದೆ, ಅದರ ಕೆಳಗಿನದು ಅದರ ಗಂಡನಾಗಿ ಉಳಿಯುತ್ತದೆ. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗುತ್ತದೆ. ಜೋಡಿಯನ್ನು ಸ್ವಲ್ಪ ಹೊತ್ತು ನೋಡಿ. ದೊಡ್ಡದು ಹತ್ತಿರ ಬಂದಾಗ ಚಿಕ್ಕದು ಒಂದು ಪಕ್ಕಕ್ಕೆ ವಾಲಿ, ಚಳಿ ಹಿಡಿದಂತೆ ಮೈ ನಡುಗಿಸುತ್ತದೆ. ಅದು ರೋಗವಲ್ಲ. 'ನೀನೇ ದೊಡ್ಡವಳು' ಎಂದು ಒಪ್ಪಿಕೊಳ್ಳುವ ಬಗೆ. ಹಾಗೆ ಒಪ್ಪಿಕೊಂಡವನಿಗೆ ಏಟು ಬೀಳುವುದಿಲ್ಲ. ಮನೆ ನಿಶ್ಶಬ್ದವಾಗಿರುವಾಗ ಗಾಜಿಗೆ ಕಿವಿಗೊಟ್ಟರೆ ಟಕ್ ಟಕ್ ಎಂಬ ಸದ್ದೂ ಕೇಳಬಹುದು, ಕ್ಲೌನ್‌ಗಳು ಹಲ್ಲಿಗೆ ಹಲ್ಲು ಬಡಿದು ಎಬ್ಬಿಸುವ ಸದ್ದು ಅದು. ಹೆಣ್ಣು ಇದ್ದಕ್ಕಿದ್ದಂತೆ ಕೈ ಕಚ್ಚತೊಡಗಿದರೆ ಹತ್ತಿರದ ಕಲ್ಲಿನ ಕೆಳಭಾಗವನ್ನು ಟಾರ್ಚ್ ಹಿಡಿದು ನೋಡಿ. ಕಿತ್ತಳೆ ಬಣ್ಣದ, ಒತ್ತೊತ್ತಾಗಿ ನಿಂತ ಮೊಟ್ಟೆಗಳಿರಬಹುದು. ಗಂಡು ಅವುಗಳಿಗೆ ರೆಕ್ಕೆಯಿಂದ ಗಾಳಿ ಬೀಸುತ್ತ ಇರುತ್ತದೆ. ವಾರದ ಆಸುಪಾಸಿನಲ್ಲಿ ರಾತ್ರಿ ಹೊತ್ತು ಒಡೆಯುತ್ತವೆ. ಮೊಟ್ಟೆಗಳಿದ್ದರೆ ಆ ಕಲ್ಲೊಂದನ್ನು ಮಾತ್ರ ಕದಲಿಸದೆ ಉಳಿದದ್ದನ್ನು ಜೋಡಿಸಿಕೊಳ್ಳಿ. ಗಾಜು ಒರೆಸಲು ಕೈಯ ಬದಲು ಅಯಸ್ಕಾಂತದ ಒರೆಸುಗ ಬಳಸಿ. ಮೂರನೆಯ ಕ್ಲೌನ್ ಮೀನನ್ನು ಯಾವತ್ತೂ ತರಬೇಡಿ, ಹೊಂದಿದ ಜೋಡಿ ಅದನ್ನು ಉಳಿಸುವುದಿಲ್ಲ.

ಮುಂದೆ ಎಂದಾದರೂ ಕ್ಲೌನ್ ಕೊಳ್ಳುವುದಾದರೆ ಸಾಕಣೆಯಲ್ಲಿ ಹುಟ್ಟಿದ ಮರಿಗಳನ್ನೇ ಕೇಳಿ ಕೊಳ್ಳಿ. ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಕ್ಲೌನ್‌ಗಳನ್ನೂ ಹಲವು ಡ್ಯಾಮ್ಸೆಲ್‌ಗಳನ್ನೂ ಮರಿ ಮಾಡಿಸುವ ತಂತ್ರಜ್ಞಾನವನ್ನು ಎಂದೋ ಸಾಧಿಸಿದೆ. ತೊಟ್ಟಿಯಲ್ಲೇ ಕಣ್ಣುಬಿಟ್ಟ ಮರಿಗಳು ಗಾಜಿಗೂ ಮನುಷ್ಯರಿಗೂ ಬೆದರುವುದು ಕಡಿಮೆ.

ನಿಮ್ಮ ಮಗನಿಗೆ ಮಾತ್ರ ಬೇಸರದ ಸುದ್ದಿ ಕೊಡಬೇಕಾಗಿದೆ. ನೀಲಿ ಟ್ಯಾಂಗ್ ಅಂಗಡಿಯಲ್ಲಿ ಎರಡು ಇಂಚು ಇರುತ್ತದೆ, ಕಡಲಲ್ಲಿ 30 ಸೆಂಟಿಮೀಟರ್ ಬೆಳೆಯುತ್ತದೆ. ದಿನವಿಡೀ ಈಜುವ ಮೀನು. ನಾಲ್ಕು ಅಡಿಯ ತೊಟ್ಟಿಯಲ್ಲಿ ಎರಡು ಬಾಲ ಬೀಸಿದರೆ ಗಾಜು ಎದುರಾಗುತ್ತದೆ. ಟ್ಯಾಂಗ್‌ಗಳ ಬಾಲದ ಬುಡದಲ್ಲಿ ಎರಡೂ ಕಡೆ ಚೂರಿಯ ಮೊನೆಯಂಥ ಮುಳ್ಳಿರುತ್ತದೆ. ಸಿಟ್ಟು ಬಂದಾಗ ಬಾಲವನ್ನು ಅಡ್ಡಕ್ಕೆ ಬೀಸಿ ಪಕ್ಕದ ಮೀನಿನ ಹೊಟ್ಟೆ ಸೀಳಬಲ್ಲವು. ಅದರ ಬದಲು ಅವನಿಗೆ ಒಂದು ಗೋಬಿ ಮೀನನ್ನೂ ಅದರ ಜೊತೆಗಾರ ಪಿಸ್ತೂಲ್ ಸಿಗಡಿಯನ್ನೂ ತೋರಿಸಿ. ಸಿಗಡಿಗೆ ಕಣ್ಣು ಮಂದ. ಅದು ಮರಳಿನಲ್ಲಿ ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕಾವಲು ನಿಲ್ಲುತ್ತದೆ. ಹೊರಬಂದಾಗಲೆಲ್ಲ ಸಿಗಡಿ ತನ್ನ ಮೀಸೆಯೊಂದನ್ನು ಗೋಬಿಯ ಮೈಮೇಲೆ ಇಟ್ಟಿರುತ್ತದೆ, ಅಪಾಯ ಕಂಡರೆ ಗೋಬಿ ಬಾಲ ಅಲುಗಿಸುತ್ತದೆ, ಇಬ್ಬರೂ ಒಳಗೆ. ಹುಡುಗರು ಗಂಟೆಗಟ್ಟಲೆ ನೋಡುತ್ತ ಕೂರುವುದನ್ನು ಕಂಡಿದ್ದೇನೆ. ನೀವು ಬಿಟ್ಟ ಆ ಒಂದಡಿ ಮರಳೇ ಅವುಗಳ ಮನೆ. ಆದರೆ ಈಗಲೇ ಬೇಡ. ಏಂಜೆಲ್ ಬೇರೂರಿ ಎರಡು ತಿಂಗಳಾಗಲಿ. ನೀಲಿ ಡ್ಯಾಮ್ಸೆಲ್‌ನ ಸ್ವಭಾವವೂ ಅಷ್ಟರೊಳಗೆ ಗೊತ್ತಾಗುತ್ತದೆ. ಜೋರು ಬಿಡದಿದ್ದರೆ ಅದನ್ನೂ ಡಾಮಿನೋನ ದಾರಿಯಲ್ಲೇ ಕಳಿಸಬೇಕು. ಹೊಸದಾಗಿ ಏನೇ ತಂದರೂ ಮೊದಲು ಬೇರೆ ತೊಟ್ಟಿಯಲ್ಲಿ ಒಂದು ತಿಂಗಳು ನಿಗಾದಲ್ಲಿಟ್ಟು, ಆಮೇಲೆ ಇದೇ ತೂತಿನ ಡಬ್ಬಿಯ ಮೂಲಕವೇ ಒಳಗೆ ಬಿಡಿ.

ಏಂಜೆಲನ್ನು ಬಿಡುವ ದಿನ ಸಂಜೆ ಎಲ್ಲರಿಗೂ ಹೊಟ್ಟೆ ತುಂಬ ಊಟ ಹಾಕಿ, ದೀಪ ಆರಿಸಿದ ಮೇಲೆ ಡಬ್ಬಿಯನ್ನು ನಿಧಾನವಾಗಿ ಮರಳಿನವರೆಗೆ ಇಳಿಸಿ, ಒಂದು ಬದಿಗೆ ಮಲಗಿಸಿ, ಮುಚ್ಚಳ ತೆಗೆಯಿರಿ. ಸುರಿಯಬೇಡಿ, ಓಡಿಸಬೇಡಿ. ಹೊರಗೆ ಬರಲು ಅದಕ್ಕೆ ಹತ್ತು ನಿಮಿಷವಾದರೂ ಆಗಬಹುದು, ಇಡೀ ರಾತ್ರಿಯಾದರೂ ಆಗಬಹುದು. ಹೊರಬಂದ ಮೇಲೂ ಡಬ್ಬಿಯನ್ನು ಇನ್ನೆರಡು ದಿನ ಅಲ್ಲೇ ಬಿಟ್ಟಿರಿ. ಕೆಲವು ಮೀನುಗಳು ಹಗಲೆಲ್ಲ ಕಲ್ಲುಗಳಲ್ಲಿ ಅಲೆದು, ಮಲಗಲು ಮಾತ್ರ ಅದೇ ಪೈಪಿನ ತುಂಡಿಗೆ ಹಿಂದಿರುಗುತ್ತವೆ.